ಡಬ್ಬಿಯ ಪರವಾಗಿ

ಕಳೆದ ದೀಪಾವಳಿಗೆ ಗೋಕಾಕದ ಹತ್ತಿರದ ನಮ್ಮೂರು ಕೊಣ್ಣೂರಿಗೆ ಹೋಗಿದ್ದೆ. ಕಟ್ಟೆಯ ಮೇಲೆ ಕರದಂಟಿನ ಪೊಟ್ಟಣ ಬಿಚ್ಚಿಕೊಂಡು ಕೂತಿದ್ದಾಗ ಓಣಿಯ ಹುಡುಗನೊಬ್ಬ ಬಂದ. ಬೆಂಗಳೂರಿನಲ್ಲಿ ಆರ್ಕಿಟೆಕ್ಚರ್ ಕಲಿಯುತ್ತಿರುವವನು. ಮಾತು ಅಲ್ಲಿ ಇಲ್ಲಿ ಸುತ್ತಿ ಎಂ.ಜಿ. ರಸ್ತೆಗೆ ಬಂತು. “ಕಾಕಾ, ಆ ಯುಟಿಲಿಟಿ ಬಿಲ್ಡಿಂಗ್ ಐತಲ್ಲರಿ, ಅದನ್ನ ಮೊದಲ ಕೆಡವಬೇಕು. ಕಡ್ಡಿಪೆಟ್ಟಿಗಿ ನಿಲ್ಲಿಸಿದಂಗ ನಿಂತೈತಿ” ಅಂದ. ಅವನ ಅಪ್ಪ ಮಿಲ್ಲಿನಿಂದ ನಿವೃತ್ತನಾದವನು, ಮಗನ ಒಂದು ಮಾತನ್ನೂ ಒಪ್ಪುವ ಪೈಕಿ ಅಲ್ಲ. ಅವತ್ತು ಒಪ್ಪಿಬಿಟ್ಟ. “ಖರೇ ಐತಿ. ಬಿಲ್ಡಿಂಗ ಅಂದ್ರ ವಿಧಾನಸೌಧ. ಉಳದದ್ದೆಲ್ಲಾ ಡಬ್ಬಿ.”

ನಾನು ಸುಮ್ಮನಿದ್ದೆ. ಕರದಂಟು ಬಾಯಲ್ಲಿರುವಾಗ ಜಗಳ ಆಡಲು ಬರುವುದಿಲ್ಲ. ಈಗ ಬಾಯಿ ಖಾಲಿ ಇದೆ.

ಈ ತೀರ್ಪು ಆ ಹುಡುಗನ ಸ್ವಂತದ್ದಾಗಿದ್ದರೆ ನಕ್ಕು ಬಿಡುತ್ತಿದ್ದೆ. ನಲವತ್ತು ವರ್ಷದಿಂದ ಇದನ್ನೇ ಕೇಳುತ್ತ ಬಂದಿದ್ದೇನೆ. ಹೇಳುವವರಲ್ಲಿ ಎರಡು ಪಂಗಡ. ಒಂದು, ದಂಡು ಪ್ರದೇಶದ ಹಳಬರು. ಅವರಿಗೆ ಎಂ.ಜಿ. ರಸ್ತೆ ಇನ್ನೂ ಸೌತ್ ಪರೇಡ್. ಹೆಂಚಿನ ಬಂಗಲೆ, ಮರದ ಜಾಲರಿಯ ಮುಂಗಟ್ಟು, ಕಾಂಪೌಂಡಿನ ಮೇಲೆ ಹಬ್ಬಿದ ಬೋಗನ್‌ವಿಲ್ಲಾ. ಆ ಚಿತ್ರದೊಳಗೆ ಯುಟಿಲಿಟಿ ಬಿಲ್ಡಿಂಗ್ ಬಂದು ನಿಂತದ್ದು, ಮದುವೆಯ ಗ್ರೂಪ್ ಫೋಟೋದ ನಡುವೆ ಲಾರಿ ಡ್ರೈವರ್ ಬಂದು ನಿಂತ ಹಾಗೆ. ಇನ್ನೊಂದು ಪಂಗಡ ನಮ್ಮ ನಾಡಿನ ಅಭಿಮಾನಿಗಳದ್ದು. ಬೇಲೂರು ಹಳೇಬೀಡು ಕಂಡ ನೆಲದಲ್ಲಿ ಇಂಥ ಬೋಳು ಗೋಡೆಯೇ ಎಂಬುದು ಇವರ ಸಂಕಟ. ಊರಿನ ಹೆಸರಿನಿಂದ ಹಿಡಿದು ಅಂಗಡಿಯ ಬೋರ್ಡಿನ ತನಕ ಯಾವುದರಲ್ಲೂ ಒಂದಾಗದ ಈ ಎರಡು ಪಂಗಡದವರು ಈ ಕಟ್ಟಡವನ್ನು ಬೈಯುವಾಗ ಮಾತ್ರ ಒಂದೇ ಬೆಂಚಿನ ಮೇಲೆ ಕೂರುತ್ತಾರೆ. ಅಷ್ಟು ಜನ ಸೇರಿ ಬೈದದ್ದರ ಮೇಲೆ ನನಗೆ ಮಮತೆ ಹುಟ್ಟುವುದು ಹಳೆಯ ಚಾಳಿ.

ಕಟ್ಟಡ ಮುಗಿದದ್ದು 1973ರಲ್ಲಿ. 25 ಮಹಡಿ, 106 ಮೀಟರ್ ಎತ್ತರ. ಆಗ ಅದು ದಕ್ಷಿಣ ಭಾರತಕ್ಕೇ ಎತ್ತರದ ಕಟ್ಟಡ. ಕಟ್ಟಿಸಿದ್ದು ಯಾವ ಸೇಠನೂ ಅಲ್ಲ, ನಗರ ಪಾಲಿಕೆ. ಕೆಳಗೆ ಅಂಗಡಿ ಸಾಲು, ಒಂದು ಸಿನಿಮಾ ಮಂದಿರ, ಮೇಲೆ ಕಚೇರಿಗಳು. ಈಗ ಕಾಗದದಲ್ಲಿ ಅದಕ್ಕೆ ಸುಭಾಷ್‌ಚಂದ್ರ ಬೋಸರ ಹೆಸರಿದೆ, ಜನರ ಬಾಯಲ್ಲಿ ಮಾತ್ರ ಇನ್ನೂ ಯುಟಿಲಿಟಿ ಬಿಲ್ಡಿಂಗೇ. ಅದೇ 1973ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಹೋಗಿ ಕರ್ನಾಟಕ ಬಂತು. ನಮ್ಮ ಕಡೆಯವರಿಗೆ ಆ ಹೆಸರು ಎಷ್ಟು ಬೇಕಾಗಿತ್ತು ಎಂಬುದನ್ನು ಹಳೇ ಮೈಸೂರಿನವರಿಗೆ ಬಿಡಿಸಿ ಹೇಳುವುದು ಕಷ್ಟ. ನಾಡಿಗೆ ಅದರ ಹೆಸರು ಸಿಕ್ಕ ವರ್ಷದಲ್ಲಿ ರಾಜಧಾನಿಯ ನಡುವೆ ಎದ್ದ ಅತಿ ಎತ್ತರದ ಕಟ್ಟಡಕ್ಕೆ ಗುಮ್ಮಟವಿಲ್ಲ, ಗಂಡಭೇರುಂಡವಿಲ್ಲ, ಸಿಂಹಲಲಾಟವಿಲ್ಲ. ಸೀದಾ ಮೇಲೆದ್ದು ನಿಂತಿದೆ. ತಾನು ಯಾರ ಮಗ ಎಂದು ಹೇಳಿಕೊಳ್ಳುವ ಗರಜು ಅದಕ್ಕೆ ಬಿದ್ದಿಲ್ಲ.

ಇನ್ನೊಂದು ತಮಾಷೆ. ಸೌತ್ ಪರೇಡಿಗೆ ಮಹಾತ್ಮಾ ಗಾಂಧಿ ರಸ್ತೆ ಎಂದು ಹೆಸರಿಟ್ಟದ್ದು 1948ರಲ್ಲಿ. ಒಂದು ಪಂಚೆಯಲ್ಲಿ ಬದುಕು ಮುಗಿಸಿದ ಮುದುಕನ ಹೆಸರಿನ ರಸ್ತೆಯಲ್ಲಿ ನಿಂತು, ಈ ಕಟ್ಟಡಕ್ಕೆ ಒಡವೆ ಇಲ್ಲವಲ್ಲ ಎಂದು ಕೊರಗುವವರಿಗೆ ಏನೆನ್ನಬೇಕು?

ಒಡವೆಯ ಈ ಆಸೆ ಎಲ್ಲಿಂದ ಬಂತು ಎಂದು ಹುಡುಕಿದರೆ ಕೆಂಗಲ್ ಹನುಮಂತಯ್ಯನವರ ಬಾಗಿಲಿಗೆ ಬರುತ್ತೇವೆ. ವಿಧಾನಸೌಧದ ಅಡಿಗಲ್ಲನ್ನು ನೆಹರೂ ಇಟ್ಟದ್ದು 1951ರ ಜುಲೈ 13ರಂದು, ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾಗಿದ್ದಾಗ. ಆಗ ಇದ್ದ ನಕ್ಷೆ ಸಾದಾ. 1952ರಲ್ಲಿ ಕೆಂಗಲ್ ಆ ಕುರ್ಚಿಗೆ ಬಂದರು, ನಕ್ಷೆಯನ್ನು ಬದಿಗೆ ಸರಿಸಿದರು. ಯಾಕೆ ಎಂಬುದಕ್ಕೆ ಎಲ್ಲರೂ ಹೇಳುವ ಒಂದು ಕಥೆ ಇದೆ. ರಷ್ಯಾದಿಂದ ಒಂದು ಸಾಂಸ್ಕೃತಿಕ ನಿಯೋಗ ಬಂದಿತ್ತು, ಕೆಂಗಲ್ ಅವರಿಗೆ ಊರು ತೋರಿಸಿದರು, ಅವರು ಅಠಾರಾ ಕಚೇರಿ ಗಿಠಾರಾ ಕಚೇರಿ ಎಲ್ಲ ನೋಡಿ “ಇವೆಲ್ಲ ಯುರೋಪಿನವಲ್ಲ, ನಿಮ್ಮದೇ ಅಂತ ಏನೂ ಇಲ್ಲವೇ?” ಎಂದರು. ಕೆಂಗಲ್‌ಗೆ ಚುಚ್ಚಿತು. ಆ ಚುಚ್ಚಿದ ಜಾಗದಲ್ಲಿ ವಿಧಾನಸೌಧ ಎದ್ದಿತು.

ಈ ಕಥೆಯನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಮಾತ್ರ ಕೇಳಿದಾಗಲೆಲ್ಲ ಇರುಸುಮುರುಸು. ಕನ್ನಡಿಗರ ನಮ್ಮತನದ ದೊಡ್ಡ ಕಟ್ಟಡ ಹುಟ್ಟಿದ್ದು ಪರದೇಶದ ಅತಿಥಿ ಏನೆಂದುಕೊಂಡಾನು ಎಂಬ ಚಿಂತೆಯಿಂದಲೇ? ಮನೆಗೆ ಬೀಗರು ಬರುವ ದಿನ ಹೊಸ ಪರದೆ ಕಟ್ಟುವುದಿಲ್ಲವೇ, ಹಾಗೆ?

ಆದರೂ ವಿಧಾನಸೌಧದ ಮೇಲೆ ನಾನು ಕೈ ಎತ್ತಲಾರೆ. ಕಾರಣ ಅದರ ಕಲ್ಲು. ವಾಸ್ತುಶಿಲ್ಪಿ ಬಿ.ಆರ್. ಮಾಣಿಕಂ ಅವರ ಕೈಕೆಳಗೆ ಸಾವಿರದೈನೂರಕ್ಕೂ ಹೆಚ್ಚು ಕಲ್ಲುಕುಟಿಗರು, ಗೌಂಡಿಗಳು, ಮರಗೆಲಸದವರು ದುಡಿದಿದ್ದಾರೆ. ಮಣ್ಣು ಹೊತ್ತವರಲ್ಲಿ ಬಹಳ ಮಂದಿ ಜೈಲಿನ ಕೈದಿಗಳು. ಬೆಂಗಳೂರಿನ ಗ್ರಾನೈಟನ್ನು ಅಷ್ಟು ಮಣಿಸಿದ್ದು ಹುಡುಗಾಟದ ಮಾತಲ್ಲ. ಖರ್ಚಿನ ಗದ್ದಲದ ನಡುವೆಯೇ ಕೆಂಗಲ್ 1956ರ ಆಗಸ್ಟಿನಲ್ಲಿ ಕುರ್ಚಿ ಬಿಟ್ಟರು. ಹಟಮಾರಿ ಮನುಷ್ಯನ ಹಟಮಾರಿ ಕಟ್ಟಡ ಅದು. ಅಂಥದ್ದು ಒಂದಿರಲಿ.

ಒಂದಕ್ಕೇ ನಿಲ್ಲಲಿಲ್ಲವಲ್ಲ! ಪಕ್ಕದಲ್ಲಿ ವಿಕಾಸಸೌಧ ಬಂತು, 2005ರಲ್ಲಿ. ಅಣ್ಣನ ಅಂಗಿ ತಮ್ಮನಿಗೆ ತೊಡಿಸಿದ ಹಾಗೆ ಅದೇ ಕಂಬ, ಅದೇ ಗುಮ್ಮಟ. ನಮ್ಮ ಗೋಕಾಕದಲ್ಲಿ ಕಟ್ಟಿಗೆಯ ಹಣ್ಣು ಮಾಡುವ ಚಿತ್ರಗಾರರು ಇದ್ದಾರೆ. ಬಾಳೆಹಣ್ಣು, ಮಾವು, ಸೀತಾಫಲ. ಬಣ್ಣ ಎಷ್ಟು ಜೀವಂತ ಎಂದರೆ ಬುಟ್ಟಿಯಲ್ಲಿಟ್ಟರೆ ಬಂದವರು ಕೈ ಹಾಕುತ್ತಾರೆ. ಚಿಕ್ಕಂದಿನಲ್ಲಿ ನಾನೂ ಒಂದು ಪೇರಲಕ್ಕೆ ಹಲ್ಲು ಊರಿ ಬೈಸಿಕೊಂಡವನೇ. ಆದರೆ ಆ ಚಿತ್ರಗಾರ ಅದನ್ನು ಹಣ್ಣು ಎಂದು ಮಾರಲಿಲ್ಲ, ಆಟಿಕೆ ಎಂದೇ ಮಾರಿದ. ವಿಕಾಸಸೌಧದ್ದು ಆ ಪ್ರಾಮಾಣಿಕತೆಯೂ ಇಲ್ಲದ ಹಣ್ಣು.

ಆಮೇಲೆ ನಮ್ಮ ಜಿಲ್ಲೆಯ ಪಾಲಿಗೂ ಒಂದು ಬಂತು. ಬೆಳಗಾವಿಯ ಸುವರ್ಣ ವಿಧಾನಸೌಧ, ಹಲಗಾ–ಬಸ್ತವಾಡದ ಹೊಲಗಳಲ್ಲಿ. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಉದ್ಘಾಟಿಸಿದರು. ಗಡಿಯ ವಿಷಯ ಬಂದಾಗ ಆ ಕಟ್ಟಡ ಅಲ್ಲಿ ನಿಂತಿರುವುದು ನನಗೂ ಸಮಾಧಾನವೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಚಳಿಗಾಲದ ಅಧಿವೇಶನದ ಹತ್ತು ಹದಿನೈದು ದಿನ ಬಿಟ್ಟರೆ ಅದು ಹೆದ್ದಾರಿಯ ಬಸ್ಸುಗಳಿಗೆ ಕೈಮುಗಿದು ನಿಂತ ಪೇಟ. 2022ರಲ್ಲಿ ಅಲ್ಲಿ ದಿನಗೂಲಿಗೆ ದುಡಿಯುವ ಹೆಣ್ಣುಮಗಳೊಬ್ಬಳು ಸೌಧದ ಮುಂದೆ ಶಾವಿಗೆ ಒಣಹಾಕಿದಳು. ಫೋಟೋ ಎಲ್ಲೆಡೆ ಓಡಾಡಿತು, ಅವಳ ಕೆಲಸ ಹೋಯಿತು. ಜನ ಉಗಿದ ಮೇಲೆ ವಾಪಸು ತೆಗೆದುಕೊಂಡರು. ಬಿಸಿಲು ಬೀಳುವ ಅಷ್ಟು ದೊಡ್ಡ ಹಾಸುಗಲ್ಲನ್ನು ಶಾವಿಗೆಗೆ ಬಳಸಿದ ಆ ತಾಯಿಯೊಬ್ಬಳಿಗೇ ಆ ಕಟ್ಟಡದ ಉಪಯೋಗ ಹೊಳೆದದ್ದು ಎಂದು ನನ್ನ ಅನಿಸಿಕೆ. ಯುಟಿಲಿಟಿ ಎಂದರೆ ಅದೇ ತಾನೇ?

ಇನ್ನು ನನ್ನ ಪಕ್ಷಪಾತ ಹೇಳಿಬಿಡುತ್ತೇನೆ, ಓದುವವರು ಬೇಕಾದಷ್ಟು ಕಳೆದುಕೊಳ್ಳಲಿ. ನಾನು ಮಿಲ್ಲಿನ ನೆರಳಲ್ಲಿ ಬೆಳೆದವನು. ಗೋಕಾಕ ಫಾಲ್ಸಿನ ಕಂಪನಿ ಹುಟ್ಟಿದ್ದು 1885ರಲ್ಲಿ. ಎರಡು ವರ್ಷಕ್ಕೆ ಘಟಪ್ರಭೆಯ ನೀರಿನಿಂದಲೇ ಸಾಂಚೆ ತಿರುಗಿದವು. ಹೊಳೆ 52 ಮೀಟರ್ ಧುಮುಕುವ ಕಡೆ ಬಂಡೆಗೆ ಒರಗಿ ಇಳಿಯುವ ಕಬ್ಬಿಣದ ಕೊಳವೆಗಳು, ಉದ್ದಕ್ಕೆ ಒಂದೇ ಸಮ ಓಡುವ ಕಲ್ಲಿನ ಗೋಡೆ, ಅದರಲ್ಲಿ ಒಂದೇ ಅಳತೆಯ ಕಿಟಕಿ, ಕಿಟಕಿ, ಕಿಟಕಿ. ಪ್ರವಾಸಿಗರು ಬಂದು ಜಲಪಾತದ ಫೋಟೋ ತೆಗೆದುಕೊಳ್ಳುತ್ತಾರೆ, ತೂಗುಸೇತುವೆಯ ಮೇಲೆ ನಿಂತು ಕೈಬೀಸುತ್ತಾರೆ, ಮಹಾಲಿಂಗೇಶ್ವರನ ಗುಡಿಗೆ ಹೋಗಿಬರುತ್ತಾರೆ. ಮಿಲ್ಲಿನ ಕಡೆ ಕ್ಯಾಮೆರಾ ತಿರುಗಿಸಿದವರನ್ನು ನಾನು ಕಂಡಿಲ್ಲ. ನನಗೆ ಮಾತ್ರ ಚಂದ ಎಂದರೆ ಮೊದಲು ನೆನಪಾಗುವುದು ಆ ಕಿಟಕಿಗಳ ಸಾಲು. ಭೋಂಗಾ ಕೂಗಿದಾಗ ಎರಡನೇ ಪಾಳಿಯ ಅಪ್ಪ ಅದರೊಳಗಿನಿಂದ ಬರುತ್ತಿದ್ದ. ಹೀಗಾಗಿ, ಎಂ.ಜಿ. ರಸ್ತೆಯಲ್ಲಿ ಒಂದೇ ಅಳತೆಯ ಕಿಟಕಿಗಳು ಮುಗಿಲಿನ ತನಕ ಏರಿದ್ದನ್ನು ಮೊದಲ ಸಲ ನೋಡಿದಾಗ ನನಗೆ ಪರದೇಶ ಕಾಣಲಿಲ್ಲ, ಊರೇ ಕಂಡಿತು.

1984ರ ಬೇಸಿಗೆಯಲ್ಲಿ ನನ್ನ ಸೋದರಮಾವ ಬೆಂಗಳೂರಿಗೆ ಬಂದಿದ್ದ. ಗೌಂಡಿ ಕೆಲಸದವನು, ಮಿಲ್ಲಿನ ಚಾಳುಗಳ ರಿಪೇರಿ, ಕೊಣ್ಣೂರಿನ ಅರ್ಧ ಮನೆಗಳ ಪಾಯ ಅವನದ್ದು. ವಿಧಾನಸೌಧ ತೋರಿಸಿದೆ. ಕಂಬಗಳನ್ನು ಮುಟ್ಟಿ ನೋಡಿ, “ಬೇಷ್ ಮಾಡ್ಯಾರ” ಅಂದ. ಅಲ್ಲಿಂದ ಎಂ.ಜಿ. ರಸ್ತೆಗೆ ಕರೆತಂದೆ. ಆಗ ಪರೇಡ್ ಮೈದಾನದ ಬದಿಗೆ ನೆರಳಿನ ಕಾಲುದಾರಿ ಇತ್ತು, ಮೆಟ್ರೋ ಬಂದು ಅದನ್ನು ನುಂಗಿದ್ದು ಬಹಳ ಆಮೇಲೆ. ಅಲ್ಲಿ ನಿಂತು ಎದುರಿನ ಕಟ್ಟಡವನ್ನು ಒಂದೆರಡು ನಿಮಿಷ ನೋಡಿದ. ಮಹಡಿ ಎಣಿಸುತ್ತಾನೆ ಎಂದುಕೊಂಡೆ. ಅಲ್ಲ. ಬಂಡಿಯ ಕಿಸೆಯಿಂದ ಎಲೆ ಅಡಿಕೆಯ ಚಂಚಿ ತೆಗೆದ, ಅದರ ದಾರ ಪೂರಾ ಬಿಚ್ಚಿ ತುದಿ ಹಿಡಿದು ಚಂಚಿಯನ್ನು ಕೆಳಗೆ ತೂಗಿಬಿಟ್ಟ. ಒಂದು ಕಣ್ಣು ಮುಚ್ಚಿದ. ಗಾಳಿಗೆ ಅಲ್ಲಾಡುತ್ತಿದ್ದ ಚಂಚಿ ನಿಲ್ಲುವ ತನಕ ಕಾದು, ಆ ದಾರವನ್ನು ಕಟ್ಟಡದ ಅಂಚಿಗೆ ಹೊಂದಿಸಿ ನೋಡಿದ. ಸುತ್ತ ಓಡಾಡುವ ಜನ ಈ ಪಟಗದ ಮುದುಕ ಏನು ಮಂತ್ರ ಹಾಕುತ್ತಿದ್ದಾನೆ ಎಂದು ತಿರುತಿರುಗಿ ನೋಡಿದರು.

“ದಾರ ತಪ್ಪಿಲ್ಲ” ಅಂದ. ಎಡಗಡೆಯ ಅಂಚಾಯಿತು, ನಾಲ್ಕು ಹೆಜ್ಜೆ ಸರಿದು ಬಲಗಡೆಯದ್ದೂ ಆಯಿತು. ಆಮೇಲೆ ಚಂಚಿಯಿಂದಲೇ ಎಲೆ ತೆಗೆದು ಸುಣ್ಣ ಹಚ್ಚುತ್ತ ಹೇಳಿದ: “ಕೆತ್ತಿಗಿ ಇದ್ರ ಗೌಂಡಿ ತನ್ನ ತಪ್ಪ ಅದರಾಗ ಮುಚ್ಚಿಕೋತಾನ ತಮ್ಮಾ. ಇವಗ ಮುಚ್ಚಿಕೊಳ್ಳೂನು ಅಂದ್ರ ಜಾಗಾನ ಇಲ್ಲ. ಧೈರ್ಯ ಐತಿ ಮಗಗ.”

ಆಮೇಲೆ ಕೆಳಗಿನ ಸಿಂಫನಿ ಟಾಕೀಸಿನಲ್ಲಿ ಮ್ಯಾಟಿನಿಗೆ ಹೋದೆವು. ಏಸಿಯ ತಂಪಿಗೆ ಮಾವ ಹತ್ತೇ ನಿಮಿಷದಲ್ಲಿ ನಿದ್ದೆ ಹೋದ. ಆ ಟಾಕೀಸು ಈಗ ಶಂಕರನಾಗ್ ಚಿತ್ರಮಂದಿರ. 1990ರ ಸೆಪ್ಟೆಂಬರ್ 30ರ ಮುಂಜಾನೆ ನಮ್ಮ ಉತ್ತರದ ಸೀಮೆಗೆ ಚಿತ್ರೀಕರಣಕ್ಕೆಂದು ಹೊರಟ ಶಂಕರನಾಗ್ ದಾವಣಗೆರೆಯ ಹತ್ತಿರ ಆನಗೋಡಿನಲ್ಲಿ ತೀರಿಹೋದರು. ಬೆಂಗಳೂರಿಗೆ ಮೆಟ್ರೋ ಬೇಕು ಎಂದು ಆ ಕಾಲದಲ್ಲೇ ಕನಸು ಕಂಡವರ ಹೆಸರು ಆ ಸಾದಾ ಕಟ್ಟಡದ ಬುಡಕ್ಕೆ ಸೇರಿದ್ದು ನನಗಂತೂ ಸರಿಯಾಗಿಯೇ ಕಾಣುತ್ತದೆ.

ಮಾವನ ಚಂಚಿಯ ಅಳತೆಗೋಲನ್ನು ನಾನು ಅವತ್ತಿನಿಂದ ಬಿಟ್ಟಿಲ್ಲ. ವಿಮರ್ಶೆಯ ಪಂಡಿತರು ಇದನ್ನು ಒಪ್ಪಲಾರರು, ಒಪ್ಪದಿದ್ದರೆ ಬೇಡ. ಸಾದಾ ಗೋಡೆ ನಮ್ಮದಲ್ಲ ಎನ್ನುವವರನ್ನು ಒಂದು ಸಲ ವಿಜಯಪುರಕ್ಕೆ ಕರೆದುಕೊಂಡು ಹೋಗಬೇಕು. ಗೋಳಗುಮ್ಮಟದ ಎದುರು ನಿಲ್ಲಿಸಬೇಕು. ಮುಹಮ್ಮದ್ ಆದಿಲಶಹಾನ ಆ ಗೋರಿಯ ನಾಲ್ಕು ಗೋಡೆಗಳಲ್ಲಿ ಏನಿದೆ? ಗಾತ್ರ ಇದೆ, ದಾರ ತಪ್ಪದ ಎತ್ತರ ಇದೆ. ಅದೇ ಊರಿನಲ್ಲಿ ನಾಜೂಕು ಕೆತ್ತನೆಯ ಇಬ್ರಾಹಿಂ ರೋಜಾ ಇದೆ; ಬಲ್ಲವರು ಅದನ್ನೇ ಹೊಗಳುತ್ತಾರೆ. ಜನ ಮಾತ್ರ ಗುಮ್ಮಟದ ಕಡೆಗೆ ನಡೆಯುತ್ತಾರೆ. ಶ್ರವಣಬೆಳಗೊಳದ ಕಥೆಯೂ ಇದೇ. ಬೆಟ್ಟದ ತುದಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ನೋಡುವುದು ಒಂದೇ ಕಲ್ಲಿನ, ಮೈಮೇಲೆ ಎಳೆ ನೂಲಿಲ್ಲದ, ಕೊರಳಿಗೆ ಸರವಿಲ್ಲದ ಒಂದು ನಿಲುವನ್ನು. ಗೊಮ್ಮಟನಿಗೆ ಕಿರೀಟ ಇಡಿ ಎಂದು ಸಾವಿರ ವರ್ಷದಲ್ಲಿ ಯಾರೂ ಅರ್ಜಿ ಕೊಟ್ಟಂತಿಲ್ಲ. ಕನ್ನಡದ ಸಾದಾತನಕ್ಕೆ ಇಷ್ಟು ದೊಡ್ಡ ಮನೆತನ ಇರುವಾಗ, ಅದನ್ನು ಬಿಟ್ಟು ಬರೀ ಹೊಯ್ಸಳರ ಕಡೆಯಿಂದಲೇ ವಂಶಾವಳಿ ಬರೆಸಿಕೊಳ್ಳುವುದು ಯಾವ ನ್ಯಾಯ?

ಬೆಂಗಳೂರಿನ ಸಾದಾ ಕಟ್ಟಡಗಳಿಗೂ ಒಂದು ಪರಂಪರೆ ಇದೆ. ಹಿಟ್ಲರನ ಕಾಟ ತಪ್ಪಿಸಿಕೊಂಡು ಬಂದ ಓಟ್ಟೊ ಕೋನಿಗ್ಸ್‌ಬರ್ಗರ್ 1939ರಿಂದ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದರು. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಗಾಳಿ ಬೆಳಕು ಲೆಕ್ಕ ಹಾಕಿ ಕಟ್ಟಡ ನಿಲ್ಲಿಸಿದರು. ಬನ್ನೇರುಘಟ್ಟ ರಸ್ತೆಯ ಐಐಎಂ ದೋಶಿಯವರದ್ದು. ಅದನ್ನು ಎಲ್ಲರೂ ಮೆಚ್ಚುತ್ತಾರೆ, ಬಳ್ಳಿ ಹಬ್ಬಿದೆಯಲ್ಲ. ಬಳ್ಳಿ ಕಿತ್ತರೆ ಎಷ್ಟು ಜನ ಮೆಚ್ಚುತ್ತಾರೋ ನೋಡಬೇಕು. ಅಂಬೇಡ್ಕರ್ ವೀಧಿಯಲ್ಲಿ ಎಲ್‌ಐಸಿಗಾಗಿ ಚಾರ್ಲ್ಸ್ ಕೊರಿಯಾ ಮಾಡಿದ ವಿಶ್ವೇಶ್ವರಯ್ಯ ಕೇಂದ್ರ, ಅಂದರೆ ನಮ್ಮೆಲ್ಲರ ವಿ.ವಿ. ಟವರ್, ಮೆಚ್ಚುಗೆಯ ಆ ಪಟ್ಟಿಯಲ್ಲಿಲ್ಲ. ಕೊರಿಯಾ ಅಂದರೆ ಕಣ್ಣರಳಿಸುವವರು ಆ ಕಟ್ಟಡದ ಮುಂದೆ ಆಟೋ ಇಳಿದರೂ ಅದು ಅವರದ್ದೆಂದು ಗುರುತು ಹಿಡಿಯುವುದಿಲ್ಲ. ಪೌರಾಡಳಿತ ನಿರ್ದೇಶನಾಲಯ ಇರುವುದು ಅಲ್ಲೇ. ನಮ್ಮ ಕೊಣ್ಣೂರು ಪುರಸಭೆಯ ಕಾಗದಗಳು ಐನೂರು ಕಿಲೋಮೀಟರಿಗೂ ಹೆಚ್ಚು ಪಯಣ ಮಾಡಿ ಏರಬೇಕಾದದ್ದು ಆ ಟವರಿನ ಲಿಫ್ಟನ್ನೇ. ವಿಧಾನಸೌಧದ ನೆತ್ತಿಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಕೆತ್ತಿದೆ. ಕೆಲಸ ನಡೆಯುವುದು ವಿ.ವಿ. ಟವರ್, ಎಂ.ಎಸ್. ಬಿಲ್ಡಿಂಗಿನಂಥ ಡಬ್ಬಿಗಳಲ್ಲಿ.

ಹೊರಗಿನವರ ಜಗಳವೂ ನೋಡುವಂಥದ್ದೇ. ಪ್ಯಾರಿಸಿನ ಮೊಂಪಾರ್ನಾಸ್ ಟವರ್ ಕೂಡ 1973ರದ್ದೇ, ನಮ್ಮ ಯುಟಿಲಿಟಿಯ ವಾರಗೆಯದು. ಎತ್ತರ ಮಾತ್ರ ಇಮ್ಮಡಿ. ಊರನ್ನು ನೋಡಲು ಅದರ ತುದಿಯೇ ಒಳ್ಳೆಯದು, ಅಲ್ಲಿಂದ ಮಾತ್ರ ಅದು ಕಾಣುವುದಿಲ್ಲ ಎಂದು ಅಲ್ಲಿಯವರು ಹಾಸ್ಯ ಮಾಡುತ್ತಾರೆ. ಅದು ಹುಟ್ಟಿಸಿದ ಸಿಟ್ಟಿಗೆ 1977ರಲ್ಲಿ ಊರ ನಡುವೆ ಎತ್ತರದ ಕಟ್ಟಡಗಳಿಗೇ ತಡೆ ಬಿತ್ತು. ಮದರಾಸಿನದ್ದು ಇದಕ್ಕೆ ತದ್ವಿರುದ್ಧ. ಮೌಂಟ್ ರೋಡಿನ ಎಲ್‌ಐಸಿ ಕಟ್ಟಡ, 1959ರದ್ದು, ಅದೂ ಸಾದಾ ಡಬ್ಬಿಯೇ. ಆದರೆ ಹಳ್ಳಿಯ ಹುಡುಗ ಮದರಾಸಿಗೆ ಬಂದ ಎಂದು ತೋರಿಸಬೇಕಾದರೆ ತಮಿಳು ಸಿನಿಮಾದವರು ಸೆಂಟ್ರಲ್ ಸ್ಟೇಷನ್ನಿನ ಜೊತೆಗೆ ಅದನ್ನೇ ತೋರಿಸಿದರು. 1975ರಲ್ಲಿ ಬೆಂಕಿ ಬಿದ್ದಾಗ ಊರಿಗೆ ಊರೇ ಮರುಗಿತು. ನಮ್ಮ ಸಿನಿಮಾದವರಿಗೆ ಬೆಂಗಳೂರು ಎಂದರೆ ಯಾವಾಗಲೂ ವಿಧಾನಸೌಧ. ಅದೇ ಮೆಟ್ಟಿಲು, ಅದೇ ಗುಮ್ಮಟ, ಮುಂದೆ ಹಾದುಹೋಗುವ ಅಂಬಾಸಿಡರ್ ಕಾರು. ಪ್ರೀತಿಸುವುದನ್ನು ಜನ ಕ್ಯಾಮೆರಾದಿಂದಲೇ ಕಲಿತದ್ದು ಎಂದು ನನ್ನ ಗುಮಾನಿ. ಯುಟಿಲಿಟಿ ಬಿಲ್ಡಿಂಗಿಗೆ ಅಂಥ ಒಬ್ಬ ಕ್ಯಾಮೆರಾಮನ್ ಸಿಗಲಿಲ್ಲ.

ಅದರಲ್ಲಿ ಕೊರತೆ ಇಲ್ಲ ಎನ್ನುತ್ತಿಲ್ಲ. ಬುಡದ ಅಂಗಡಿ ಸಾಲಿನಲ್ಲಿ ನಡೆಯುವಾಗ ಮೇಲೆ ಅಷ್ಟು ದೊಡ್ಡದು ನಿಂತಿದೆ ಎಂಬುದೇ ಮರೆತುಹೋಗುತ್ತದೆ, ಅಷ್ಟು ಇಕ್ಕಟ್ಟು. ಮಳೆನೀರಿನ ಕಪ್ಪು ಗೆರೆ, ಬೋರ್ಡುಗಳ ಗಲೀಜು. ಆದರೆ ಇದು ಸಾದಾತನದ ತಪ್ಪೇ? ತೊಳೆಯದ ತಟ್ಟೆಯನ್ನು ನೋಡಿ ಕಂಚು ಕೆಟ್ಟದ್ದು ಎನ್ನುವುದುಂಟೇ? ಯುಬಿ ಟವರ್ ಬಂದ ಮೇಲೆ ಎತ್ತರದ ಪಟ್ಟವೂ ಹೋಯಿತು. ಅದರ ಮುಖ ನೋಡಿದರೆ ನ್ಯೂಯಾರ್ಕಿನ ಎಂಪೈರ್ ಸ್ಟೇಟಿನ ನೆನಪು ಬರುತ್ತದೆ, ಮತ್ತೆ ಕಟ್ಟಿಗೆಯ ಹಣ್ಣು! ಅಲ್ಲಿ ಒಳಗೆ ಹೋಗುವಾಗ ನನ್ನ ಚಪ್ಪಲಿಯ ಕಡೆ ಕಾವಲಿನವನ ಕಣ್ಣು ಹೋಗುತ್ತದೆ. ಯುಟಿಲಿಟಿಯ ಬುಡದಲ್ಲಿ ನನ್ನ ಮಾವ ಎಲೆ ಅಡಿಕೆ ಹಾಕಿಕೊಂಡು ಒಳಗೆ ಹೋಗಿದ್ದ. (ಉಗಿಯಲಿಲ್ಲ. ಮನೆಗೆ ಬರುವ ತನಕ ತಡೆದುಕೊಂಡ.)

ಜಗಳ ಕಟ್ಟಡದ್ದಷ್ಟೇ ಆಗಿದ್ದರೆ ಇಲ್ಲಿಗೆ ಬಿಡಬಹುದಿತ್ತು. ಈ ರುಚಿ ಎಲ್ಲ ಕಡೆ ಹಬ್ಬಿದೆ. ನಮ್ಮ ಸಭೆಗಳಲ್ಲಿ ಸ್ವಾಗತ ಮಾಡುವವನು ಅತಿಥಿಯ ಹೆಸರಿಗೆ ಬರುವ ಮೊದಲು ಹತ್ತು ವಿಶೇಷಣ ದಾಟಬೇಕು. ಮದುವೆಯ ಕಾಗದದಲ್ಲಿ ವರನ ಹೆಸರು ಹುಡುಕಲು ಕನ್ನಡಕ ಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿಯ ಯಾವ ರಸ್ತೆಗೆ ಹೋದರೂ ಹೊಸ ಕಲ್ಯಾಣಮಂಟಪದ ಮುಂದೆ ಪ್ಲಾಸ್ಟರಿನ ದಪ್ಪ ಕಂಬ, ಅದರ ತಲೆಯ ಮೇಲೆ ಬಂಗಾರ ಬಣ್ಣದ ಎಲೆ. ಬಡಿದು ನೋಡಿ, ಒಳಗೆ ಪೊಳ್ಳು. ಕೊಣ್ಣೂರಿನಲ್ಲಿ ಮಾವ ತನ್ನ ಕೈಯಾರೆ ಕಟ್ಟಿದ ಮನೆಗೂ ಅವನ ಮಗ ಅಂಥ ಎರಡು ಕಂಬ ನಿಲ್ಲಿಸಿದ್ದಾನೆ. ದೀಪಾವಳಿಗೆ ಹೋದಾಗ ನನ್ನಲ್ಲೂ ಒಂದು ದಾರ ಇತ್ತು, ತೂಗಿ ನೋಡಲು ಮನಸ್ಸಾಗಲಿಲ್ಲ, ಹಬ್ಬದ ದಿನ.

ಯುಟಿಲಿಟಿ ಬಿಲ್ಡಿಂಗನ್ನು ಕೆಡವಬೇಕೆನ್ನುವ ಹುಡುಗರು ಇನ್ನು ಬಹಳ ಜನ ಓದು ಮುಗಿಸಿ ಬರುತ್ತಾರೆ. ಅದಕ್ಕೆ ಗಾಜು ಹೊದಿಸೋಣ ಎನ್ನುವವರೂ, ಇಲ್ಲ, ನಾಡಿನ ಸೊಗಡು ಬರಲಿ, ನೆತ್ತಿಯ ಮೇಲೊಂದು ಗೋಪುರ ಕೂರಿಸೋಣ ಎನ್ನುವವರೂ ಬರುತ್ತಾರೆ. ಪಾಲಿಕೆಯ ದೊಡ್ಡವರಲ್ಲಿ ನನ್ನದು ಒಂದೇ ಬೇಡಿಕೆ. ಅದರ ಮೇಲೆ ಏನನ್ನೂ ಇಡಬೇಡಿ, ಏನನ್ನೂ ಅಂಟಿಸಬೇಡಿ. ಅಂಟಿಸಿದ ಬೋರ್ಡುಗಳನ್ನು ಕೀಳಿಸಿ. ಒಂದು ಸಲ ಮೇಲಿನಿಂದ ಕೆಳಗಿನ ತನಕ ಚೆನ್ನಾಗಿ ತೊಳೆಸಿ.